ಟೋಕನ್ 'ಸ್ಟೇಕ್' ಮಾಡಿದರೆ ನಿಮ್ಮ ವಹಿವಾಟು ಎಲ್ಲರಿಗಿಂತ ಮೊದಲು ಹೋಗುತ್ತದೆಯೇ? ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ

ಕಳೆದ ವಾರ ಭಾಲ್ಕಿಯಿಂದ ನಮ್ಮ ಕಾಕಾ ಫೋನ್ ಮಾಡಿದ್ದರು. ಸೋಯಾ ಮಾರಿದ ರೊಕ್ಕ ಖಾತೆಗೆ ಬಂದು ಎರಡು ದಿನ ಆಗಿತ್ತು. ಅಷ್ಟರಲ್ಲಿ ಅವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫಾರ್ವರ್ಡ್ ಬಂದಿತ್ತು.

"ತಮ್ಮಾ, ಇದ್ರಾಗ ಹತ್ ಸಾವಿರ ಹಾಕಿ ಇಟ್ರ ನಮ್ ಪಾಳಿ ಎಲ್ಲಾರಕಿಂತ ಮೊದ್ಲ ಬರ್ತದಂತ. ದೊಡ್ಡ ದೊಡ್ಡ ಸಾವ್ಕಾರ್ರೂ ಹಿಂದ ಉಳೀತಾರಂತ. ಖರೇ ಏನು?"

ಫಾರ್ವರ್ಡ್ ತರಿಸಿಕೊಂಡು ಓದಿದೆ. ಅದರ ಸಾರ ಇಷ್ಟು: ಬ್ಲಾಕ್‌ಚೈನ್‌ನಲ್ಲಿ ಟೋಕನ್‌ಗಳನ್ನು 'ಸ್ಟೇಕ್' ಮಾಡಿದವರ ವಹಿವಾಟಿಗೆ ಮೊದಲ ಆದ್ಯತೆ ಸಿಗುತ್ತದೆ. ಮೊದಲು ತಲುಪಿದವರಿಗೆ ಕಡಿಮೆ ಬೆಲೆಗೆ ಟೋಕನ್ ಸಿಗುತ್ತದೆ. ಆದ್ದರಿಂದ ದಿನಕ್ಕೆ ಶೇ 2ರಷ್ಟು ಲಾಭ ಖಚಿತ. ಕೆಳಗೆ ಒಂದು ಲಿಂಕ್, ಒಂದು ಟೆಲಿಗ್ರಾಮ್ ಗುಂಪಿನ ಹೆಸರು. ಜೊತೆಗೆ, ಇದು ಮೋಸ ಅಲ್ಲ, ಬೇಕಾದರೆ ಗೂಗಲ್‌ನಲ್ಲಿ ಹುಡುಕಿ ನೋಡಿ ಎಂಬ ಧೈರ್ಯದ ಮಾತು.

ನಾನು ಹುಡುಕಿ ನೋಡಿದೆ. ತೊಡಕು ಇರುವುದೇ ಅಲ್ಲಿ. ಸ್ಟೇಕ್ ಇದ್ದವರ ವಹಿವಾಟಿಗೆ ಆದ್ಯತೆ ಕೊಡುವ ವ್ಯವಸ್ಥೆ ನಿಜವಾಗಿಯೂ ಇದೆ. ಸೊಲಾನಾ ಎಂಬ ದೊಡ್ಡ ಬ್ಲಾಕ್‌ಚೈನ್‌ನಲ್ಲಿ ಅದು ಬಳಕೆಯಲ್ಲಿದೆ. ಹುಡುಕಿದವರಿಗೆ ಇಂಗ್ಲಿಷ್‌ನಲ್ಲಿ ಪುಟಗಟ್ಟಲೆ ಮಾಹಿತಿ ಸಿಗುತ್ತದೆ. "ಅರೆ, ಇದು ಖರೇನೇ ಅದ" ಎಂದು ನಂಬಲು ಅಷ್ಟು ಸಾಕು. ಪೂರ್ತಿ ಸುಳ್ಳು ಫಾರ್ವರ್ಡ್‌ಗಿಂತ ಇಂಥ ಅರ್ಧ ಸತ್ಯದ ಫಾರ್ವರ್ಡ್ ಹೆಚ್ಚು ಜನರನ್ನು ಬೀಳಿಸುತ್ತದೆ. ಹಾಗಾಗಿ ಅದರಲ್ಲಿ ಸತ್ಯ ಎಲ್ಲಿಯವರೆಗೆ ಇದೆ, ಸುಳ್ಳು ಎಲ್ಲಿಂದ ಶುರುವಾಗುತ್ತದೆ ಎಂದು ನೋಡೋಣ.

ಮೊದಲು ಕಬ್ಬಿನ ಲೆಕ್ಕ

ಕಾಕಾಗೆ ನಾನು ಬ್ಲಾಕ್‌ಚೈನ್‌ನಿಂದ ಶುರು ಮಾಡಲಿಲ್ಲ, ಕಬ್ಬಿನಿಂದ ಶುರು ಮಾಡಿದೆ. ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರ ಸಕ್ಕರೆ ಕಾರ್ಖಾನೆ ಇದೆ. ಬೀದರ್ ಜಿಲ್ಲೆಯಲ್ಲಿ ಕಬ್ಬು ಬೆಳೆದ ಯಾರಿಗೂ ಹಂಗಾಮಿನ ಟ್ರ್ಯಾಕ್ಟರ್ ಸಾಲು ಹೊಸದಲ್ಲ. ಕಾರ್ಖಾನೆ ದಿನಕ್ಕೆ ಇಷ್ಟೇ ಟನ್ ಅರೆಯಬಲ್ಲದು. ಗದ್ದೆಯಲ್ಲಿರುವ ಕಬ್ಬು ಅದಕ್ಕಿಂತ ಹೆಚ್ಚು. ಕಡಿದ ಕಬ್ಬು ಕಾಯುತ್ತ ನಿಂತರೆ ಒಣಗಿ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಆದ್ದರಿಂದ ಯಾರ ಪಾಳಿ ಯಾವಾಗ ಎಂಬುದೇ ರೈತನಿಗೆ ದೊಡ್ಡ ಪ್ರಶ್ನೆ. ಸಹಕಾರ ಪದ್ಧತಿಯಲ್ಲಿ ಷೇರು ಹಣ ಕಟ್ಟಿ ಸದಸ್ಯರಾದ ರೈತರ ಕಬ್ಬಿಗೆ ಮೊದಲ ಮನ್ನಣೆ ಎಂಬ ರೂಢಿ ಇದೆ. ಕಾರ್ಖಾನೆ ನಿಂತಿರುವುದು ಅವರ ಹಣದ ಮೇಲೆ, ಅದು ಮುಳುಗಿದರೆ ಮುಳುಗುವುದು ಅವರದ್ದೇ ಹಣ.

ಸ್ಟೇಕ್ ಎಂದರೆ ಹೆಚ್ಚುಕಡಿಮೆ ಆ ಷೇರು ಹಣದ ಹಾಗೆ. ವ್ಯವಸ್ಥೆ ಸರಿಯಾಗಿ ನಡೆಯಲಿ ಎಂದು ಒತ್ತೆ ಇಟ್ಟ ಟೋಕನ್. ಬ್ಲಾಕ್‌ಚೈನ್ ಎಂದರೆ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಒಂದೇ ರೀತಿ ಬರೆದಿಡುವ ಲೆಕ್ಕದ ಪುಸ್ತಕ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಒಂದೊಂದು ನಮೂದೂ ಒಂದು ವಹಿವಾಟು. ಪುಸ್ತಕದಲ್ಲಿ ಬರೆಯುವ, ಬರೆದದ್ದು ಸರಿಯೇ ಎಂದು ತಾಳೆ ನೋಡುವ ಕಂಪ್ಯೂಟರ್‌ಗಳಿಗೆ ವ್ಯಾಲಿಡೇಟರ್ ಎನ್ನುತ್ತಾರೆ. ಸೊಲಾನಾದಲ್ಲಿ ಇವರು ಪಾಳಿಯಂತೆ ಬರೆಯುತ್ತಾರೆ. ಪಾಳಿ ಬಂದವರನ್ನು ಲೀಡರ್ ಎಂದು ಕರೆಯುತ್ತಾರೆ. ಒಂದು ಪುಟ ಬರೆಯಲು ಸುಮಾರು 400 ಮಿಲಿಸೆಕೆಂಡ್, ಒಬ್ಬರಿಗೆ ಒಂದು ಪಾಳಿಯಲ್ಲಿ ಸತತ ನಾಲ್ಕು ಪುಟ. ಅಂದರೆ ಒಬ್ಬ ಲೀಡರ್‌ನ ಆಳ್ವಿಕೆ ಎರಡು ಸೆಕೆಂಡ್ ಕೂಡ ಅಲ್ಲ. ಆಮೇಲೆ ಮುಂದಿನವರು. ಯಾರು ಹೆಚ್ಚು ಸ್ಟೇಕ್ ಹೊಂದಿದ್ದಾರೋ ಅವರಿಗೆ ಹೆಚ್ಚು ಪಾಳಿ.

ಬಿಟ್‌ಕಾಯಿನ್‌ನಲ್ಲಿ ಇನ್ನೂ ಬರೆಯದ ವಹಿವಾಟುಗಳು ಒಂದು ಕಾಯುವ ಕೋಣೆಯಲ್ಲಿ ಕೂತಿರುತ್ತವೆ. ಸೊಲಾನಾದಲ್ಲಿ ಅಂಥ ಸಾರ್ವಜನಿಕ ಕಾಯುವ ಕೋಣೆ ಇಲ್ಲ. ಮುಂದಿನ ಲೀಡರ್ ಯಾರು ಎಂಬುದು ಮೊದಲೇ ಗೊತ್ತಿರುವುದರಿಂದ ವಹಿವಾಟನ್ನು ನೇರವಾಗಿ ಅವರ ಬಾಗಿಲಿಗೇ ಕಳಿಸಲಾಗುತ್ತದೆ. ಸುಮಾರು 150 ಪುಟಗಳೊಳಗೆ, ಅಂದರೆ ಒಂದು ನಿಮಿಷದ ಆಸುಪಾಸಿನಲ್ಲಿ ಯಾರೂ ಬರೆದುಕೊಳ್ಳದಿದ್ದರೆ ಆ ವಹಿವಾಟು ಸತ್ತಂತೆ. ಕಬ್ಬು ಒಣಗಲು ದಿನಗಳು ಬೇಕು, ಇದು ನಿಮಿಷದಲ್ಲೇ ಒಣಗುತ್ತದೆ. ಹೀಗಾಗಿ ಬಾಗಿಲಲ್ಲಿ ನೂಕುನುಗ್ಗಲು ಆದರೆ ಏನು ಮಾಡುವುದು ಎಂಬುದು ಸೊಲಾನಾಗೆ ಬಲು ದೊಡ್ಡ ತಲೆನೋವು.

17 ಗಂಟೆ ನಿಂತುಹೋದ ಪುಸ್ತಕ

ಈ ತಲೆನೋವು ಮೊದಲ ಬಾರಿಗೆ ಜಗತ್ತಿಗೆ ಕಂಡದ್ದು 2021ರ ಸೆಪ್ಟೆಂಬರ್ 14ರಂದು. ಅಂದು ಒಂದು ಹೊಸ ಟೋಕನ್ ಮಾರಾಟಕ್ಕೆ ಬಂತು. ಎಲ್ಲರಿಗಿಂತ ಮೊದಲು ಕೊಳ್ಳಬೇಕೆಂದು ಕೆಲವರು ಬಾಟ್‌ಗಳನ್ನು, ಅಂದರೆ ತಾನಾಗಿಯೇ ಕೆಲಸ ಮಾಡುವ ಪ್ರೋಗ್ರಾಂಗಳನ್ನು ಬಿಟ್ಟರು. ಸೆಕೆಂಡಿಗೆ 4 ಲಕ್ಷದವರೆಗೆ ವಹಿವಾಟುಗಳು ನುಗ್ಗಿದವು. ವ್ಯಾಲಿಡೇಟರ್‌ಗಳ ಮೆಮೊರಿ ತುಂಬಿ ಒಂದೊಂದಾಗಿ ಕುಸಿದವು. ಇಡೀ ನೆಟ್‌ವರ್ಕ್ ಸುಮಾರು 17 ಗಂಟೆ ನಿಂತಿತು.

2022ರ ಏಪ್ರಿಲ್ 30ರಂದು ಮತ್ತೆ ಅದೇ ಕಥೆ. ಈ ಬಾರಿ ಮೊದಲು ಬಂದವರಿಗೆ ಸಿಗುವ ಡಿಜಿಟಲ್ ಚಿತ್ರಗಳ ಮೇಲೆ ಬಾಟ್‌ಗಳು ಮುಗಿಬಿದ್ದಿದ್ದವು. ಸೆಕೆಂಡಿಗೆ 60 ಲಕ್ಷದಷ್ಟು ಕೋರಿಕೆಗಳು. ನೆಟ್‌ವರ್ಕ್ ಸುಮಾರು 7 ಗಂಟೆ ಸ್ತಬ್ಧ.

ಬಾಟ್‌ಗಳು ಯಾಕೆ ಹೀಗೆ ಮಾಡುತ್ತವೆ? ಒಂದು ವಹಿವಾಟಿನ ಮೂಲ ಶುಲ್ಕ 5,000 ಲ್ಯಾಂಪೋರ್ಟ್. ಒಂದು ಸೋಲ್ ಟೋಕನ್ ಎಂದರೆ 100 ಕೋಟಿ ಲ್ಯಾಂಪೋರ್ಟ್. ಲೆಕ್ಕದ ಸುಲಭಕ್ಕೆ ಒಂದು ಸೋಲ್‌ಗೆ 10,000 ರೂಪಾಯಿ ಎಂದಿಟ್ಟುಕೊಂಡರೆ ಶುಲ್ಕ ಬರೀ 5 ಪೈಸೆ. ಅದೂ ಪುಸ್ತಕದಲ್ಲಿ ಬರೆದುಕೊಂಡರೆ ಮಾತ್ರ. ಬಾಗಿಲಲ್ಲೇ ಬಿದ್ದುಹೋದ ವಹಿವಾಟಿಗೆ ಏನೂ ಖರ್ಚಿಲ್ಲ. ಒಂದು ಕಳಿಸುವ ಬದಲು ಹತ್ತು ಸಾವಿರ ಕಳಿಸಿದರೆ ನಷ್ಟವೇನು?

ಆಗ ಇನ್ನೊಂದು ದೌರ್ಬಲ್ಯವೂ ಇತ್ತು. ವಹಿವಾಟುಗಳು ಬರುತ್ತಿದ್ದದ್ದು ಯುಡಿಪಿ ಎಂಬ ಹಳೆಯ, ಸರಳ ವಿಧಾನದಲ್ಲಿ. ಬಾಗಿಲ ಕಿಂಡಿಯಿಂದ ಚೀಟಿ ಎಸೆದು ಹೋದ ಹಾಗೆ. ಕಳಿಸಿದವರು ಯಾರು ಎಂದು ಖಾತ್ರಿ ಮಾಡಿಕೊಳ್ಳಲು ಆಗದು, ಸ್ವಲ್ಪ ನಿಧಾನ ಮಾಡು ಎಂದು ಅವರಿಗೆ ಹೇಳಲೂ ಆಗದು.

ಬೀದರ್‌ನ ನಾನಕ್ ಝಿರಾ ಗುರುದ್ವಾರದ ಲಂಗರ್‌ಗೆ ನೀವು ಹೋಗಿರಬಹುದು. ಅಲ್ಲಿ ಷೇರು ಇಲ್ಲ, ಸದಸ್ಯತ್ವ ಇಲ್ಲ. ಯಾರೇ ಬಂದರೂ ಸಾಲಿನಲ್ಲಿ ಕೂರುತ್ತಾರೆ, ಊಟ ಮಾಡಿ ಏಳುತ್ತಾರೆ. ಮೊದಮೊದಲು ಸೊಲಾನಾದ ಬಾಗಿಲೂ ಹಾಗೆಯೇ ಎಲ್ಲರಿಗೂ ತೆರೆದಿತ್ತು. ಆದರೆ ಲಂಗರ್‌ನಲ್ಲಿ ಮನುಷ್ಯ ಕಣ್ಣಿಗೆ ಕಾಣುತ್ತಾನೆ, ಒಬ್ಬನೇ ಒಂದೇ ಹೊತ್ತಿಗೆ ಹತ್ತು ಸಾವಿರ ತಟ್ಟೆ ಹಿಡಿದು ಕೂರಲಾರ. ಇಂಟರ್‌ನೆಟ್‌ನಲ್ಲಿ ಕೂರಬಲ್ಲ. ತಲೆ ಎಣಿಸಿ ಪಾಲು ಕೊಡುತ್ತೇವೆಂದರೆ ಒಬ್ಬನೇ ಲಕ್ಷ ನಕಲಿ ತಲೆ ಸೃಷ್ಟಿಸಬಲ್ಲ.

ಪರಿಹಾರ: ಬಾಗಿಲಲ್ಲಿ ಎರಡು ಸಾಲು

2022ರ ಪೆಟ್ಟಿನ ನಂತರ ಸೊಲಾನಾದ ಎಂಜಿನಿಯರ್‌ಗಳು ಮೂರು ಬದಲಾವಣೆ ತಂದರು. ಒಂದು, ಯುಡಿಪಿಯ ಚೀಟಿ ಎಸೆತದ ಬದಲು ಕ್ವಿಕ್ ಎಂಬ ವಿಧಾನ. ಇದರಲ್ಲಿ ಕಳಿಸುವವರು ಮೊದಲು ಸಂಪರ್ಕ ಸಾಧಿಸಬೇಕು, ಗುರುತು ತೋರಿಸಬೇಕು, ಲೀಡರ್ ಬೇಕಾದರೆ ಅವರನ್ನು ನಿಧಾನಗೊಳಿಸಬಹುದು. ಇನ್ನೊಂದು, ಹೆಚ್ಚುವರಿ ಶುಲ್ಕ ಕೊಟ್ಟು ಆದ್ಯತೆ ಪಡೆಯುವ ಅವಕಾಶ. ಮೂರನೆಯದು ನಮ್ಮ ಫಾರ್ವರ್ಡ್‌ನ ವಿಷಯ: ಸ್ಟೇಕ್‌ನ ತೂಕದ ಮೇಲೆ ಸೇವೆಯ ಗುಣಮಟ್ಟ. ಇಂಗ್ಲಿಷ್‌ನಲ್ಲಿ ಸ್ಟೇಕ್ ವೇಟೆಡ್ ಕ್ವಾಲಿಟಿ ಆಫ್ ಸರ್ವಿಸ್.

ಹೆಸರು ದೊಡ್ಡದು, ವಿಷಯ ಸಣ್ಣದು. ಒಬ್ಬ ಲೀಡರ್ ಒಂದು ಹೊತ್ತಿಗೆ ಇಷ್ಟೇ ಸಂಪರ್ಕಗಳನ್ನು ನಿಭಾಯಿಸಬಲ್ಲ. ಅದರಲ್ಲಿ ದೊಡ್ಡ ಪಾಲನ್ನು ಸ್ಟೇಕ್ ಇರುವ ವ್ಯಾಲಿಡೇಟರ್‌ಗಳಿಗೆ ಮೀಸಲಿಡುತ್ತಾನೆ. ಉಳಿದ ಸಣ್ಣ ಪಾಲು ಸ್ಟೇಕ್ ಇಲ್ಲದ ಎಲ್ಲರಿಗೂ. ಈ ವ್ಯವಸ್ಥೆ ಹೆಚ್ಚು ಚರ್ಚೆಗೆ ಬಂದ ದಿನಗಳಲ್ಲಿ ಲೆಕ್ಕ ಹೀಗಿತ್ತು: ಒಟ್ಟು 2,500 ಸಂಪರ್ಕಗಳಲ್ಲಿ 2,000 ಸ್ಟೇಕ್ ಇರುವವರಿಗೆ, 500 ಇಲ್ಲದವರಿಗೆ. ಸಾಫ್ಟ್‌ವೇರ್ ಹೊಸದಾದಂತೆ ಈ ಅಂಕಿಗಳು ಬದಲಾಗುತ್ತವೆ, ತತ್ವ ಅದೇ. ಸ್ಟೇಕ್ ಇರುವವರ ಸಾಲಿನೊಳಗೆ ಪಾಲು ಸ್ಟೇಕ್‌ನ ತೂಕದ ಮೇಲೆ. ಒಟ್ಟು ಸ್ಟೇಕ್‌ನಲ್ಲಿ ಶೇ 1 ಹೊಂದಿರುವ ವ್ಯಾಲಿಡೇಟರ್‌ಗೆ ಲೀಡರ್‌ನ ಬಾಗಿಲಲ್ಲಿ ಸುಮಾರು ಶೇ 1ರಷ್ಟು ಜಾಗ ಸಿಕ್ಕೇ ಸಿಗುತ್ತದೆ. ಹೊರಗೆ ಎಷ್ಟೇ ಬಾಟ್‌ಗಳು ಕಿರುಚಾಡಿದರೂ ಆ ಜಾಗ ಕಸಿಯಲಾಗದು.

ಇಲ್ಲಿ ಸ್ಟೇಕ್ ಯಾಕೆ ಕೆಲಸ ಮಾಡುತ್ತದೆ ಎಂದರೆ, ನಕಲಿ ತಲೆಗಳನ್ನು ಪುಕ್ಕಟೆ ಸೃಷ್ಟಿಸಬಹುದು, ನಕಲಿ ಟೋಕನ್‌ಗಳನ್ನು ಸೃಷ್ಟಿಸಲಾಗದು. ಒಬ್ಬನೇ ತನ್ನ ಸ್ಟೇಕನ್ನು ನೂರು ಕಂಪ್ಯೂಟರ್‌ಗಳಿಗೆ ಹಂಚಿದರೂ ಒಟ್ಟು ತೂಕ ಅಷ್ಟೇ.

ಕಬ್ಬಿನ ಹೋಲಿಕೆ ಇಲ್ಲಿ ಸ್ವಲ್ಪ ಮುರಿಯುತ್ತದೆ, ಹೇಳಿಬಿಡುತ್ತೇನೆ. ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಇಲ್ಲಿ ಹಾಗಲ್ಲ, ಎಲ್ಲವೂ ತೂಕದ ಮೇಲೆ. ಇದು ದೊಡ್ಡವರಿಗೆ ಅನುಕೂಲ ಮಾಡುವ ಪದ್ಧತಿ ಎಂಬ ಆಕ್ಷೇಪ ಇದೆ, ನನಗೂ ಅದು ಸರಿ ಅನಿಸುತ್ತದೆ. ಆದರೆ ಇದಿಲ್ಲದಿದ್ದಾಗ ಬಾಗಿಲು ಬಡವರಿಗೇನೂ ಸಿಕ್ಕಿರಲಿಲ್ಲ, ಬಾಟ್ ಇಟ್ಟವರಿಗೆ ಸಿಕ್ಕಿತ್ತು ಎಂಬುದೂ ನಿಜ.

ಹಾಗಾದರೆ ಕಾಕಾನ ಹತ್ತು ಸಾವಿರಕ್ಕೆ ಏನು ಸಿಗುತ್ತದೆ?

ಫಾರ್ವರ್ಡ್ ದಾರಿ ತಪ್ಪಿಸುವುದು ಇಲ್ಲೇ. ಆದ್ಯತೆ ಸಿಗುವುದು ವ್ಯಾಲಿಡೇಟರ್‌ಗೆ. ಟೋಕನ್ ಒತ್ತೆ ಇಟ್ಟ ನಿಮಗಲ್ಲ.

ನೀವು ನಿಮ್ಮ ಫೋನ್‌ನ ವ್ಯಾಲೆಟ್‌ನಲ್ಲಿ ಟೋಕನ್ ಸ್ಟೇಕ್ ಮಾಡಿದಾಗ ಮಾಡುವುದು ಇಷ್ಟೇ: ಯಾವುದೋ ಒಬ್ಬ ವ್ಯಾಲಿಡೇಟರ್‌ನನ್ನು ಆರಿಸಿ, ನನ್ನ ಟೋಕನ್‌ನ ತೂಕವನ್ನು ಇವನ ತಕ್ಕಡಿಗೆ ಹಾಕಿ ಎನ್ನುತ್ತೀರಿ. ಅವನ ತೂಕ ಕೂದಲೆಳೆಯಷ್ಟು ಹೆಚ್ಚುತ್ತದೆ. ಮರುದಿನ ನೀವು ಅದೇ ಫೋನಿನಿಂದ ಯಾರಿಗೋ ಹಣ ಕಳಿಸಿದಾಗ ಆ ವಹಿವಾಟು ಆ ವ್ಯಾಲಿಡೇಟರ್ ಮೂಲಕ ಹೋಗುತ್ತದೆಂಬ ಖಾತ್ರಿ ಇಲ್ಲ. ಸಾಮಾನ್ಯವಾಗಿ ಹೋಗುವುದೂ ಇಲ್ಲ.

ನಿಮ್ಮ ವ್ಯಾಲೆಟ್ ನೇರವಾಗಿ ಲೀಡರ್ ಬಳಿ ಮಾತಾಡುವುದಿಲ್ಲ. ನಡುವೆ ಆರ್‌ಪಿಸಿ ಎಂಬ ಕಂಪ್ಯೂಟರ್ ಇರುತ್ತದೆ. ರೈತನ ಕಬ್ಬನ್ನು ಕಾರ್ಖಾನೆಯವರೆಗೆ ಸಾಗಿಸುವ ಲಾರಿಯವನ ಹಾಗೆ ಇದು. ಈ ಆರ್‌ಪಿಸಿಗಳಿಗೆ ಸಾಮಾನ್ಯವಾಗಿ ಸ್ವಂತ ಸ್ಟೇಕ್ ಇರುವುದಿಲ್ಲ. ಆದ್ದರಿಂದ ದೊಡ್ಡ ಆರ್‌ಪಿಸಿ ಕಂಪನಿಗಳು ಸ್ಟೇಕ್ ಇರುವ ವ್ಯಾಲಿಡೇಟರ್ ಜೊತೆ ಒಪ್ಪಂದ ಮಾಡಿಕೊಂಡು ಅವರ ಸಾಲಿನಲ್ಲಿ ಜಾಗ ಪಡೆಯುತ್ತವೆ, ಅಥವಾ ತಾವೇ ವ್ಯಾಲಿಡೇಟರ್ ನಡೆಸುತ್ತವೆ. ನೀವು ಬಳಸುವ ವ್ಯಾಲೆಟ್ ಅಂಥ ಆರ್‌ಪಿಸಿ ಬಳಸಿದರೆ, ನೀವು ಒಂದು ಪೈಸೆ ಸ್ಟೇಕ್ ಮಾಡದಿದ್ದರೂ ನಿಮ್ಮ ವಹಿವಾಟು ಆದ್ಯತೆಯ ಸಾಲಿನಲ್ಲೇ ಹೋಗುತ್ತದೆ. ಬಳಸದಿದ್ದರೆ, ನೀವು ಹತ್ತು ಸಾವಿರ ಸ್ಟೇಕ್ ಮಾಡಿದ್ದರೂ ಸಾಮಾನ್ಯ ಸಾಲಿನಲ್ಲೇ.

ಅಂದರೆ ಫಾರ್ವರ್ಡ್ ಹೇಳುವ ಸಂಬಂಧವೇ ಇಲ್ಲ. ಕಾಕಾಗೆ ಹೇಳಿದೆ: "ಕಾರ್ಖಾನ್ಯಾಗ ಷೇರು ಇದ್ದದ್ದು ಲಾರಿ ಮಾಲಕಗ. ನೀವು ಅವ್ನಿಗಿ ಹತ್ ರೂಪಾಯಿ ಸಾಲ ಕೊಟ್ರ ನಿಮ್ ಕಬ್ಬು ಮೊದ್ಲ ಅರೀತಾರೇನು?"

2024ರ ಏಪ್ರಿಲ್‌ನಲ್ಲಿ ಇದಕ್ಕೆ ಇನ್ನೊಂದು ಪುರಾವೆ ಸಿಕ್ಕಿತು. ಆಗ ತಮಾಷೆಯ ಮೀಮ್ ಟೋಕನ್‌ಗಳ ಹುಚ್ಚು ಜೋರಾಗಿತ್ತು, ಬಾಗಿಲಲ್ಲಿ ಮತ್ತೆ ನೂಕುನುಗ್ಗಲು. ವ್ಯಾಲಿಡೇಟರ್‌ಗಳ ಆಂತರಿಕ ಮತಗಳನ್ನು ಬಿಟ್ಟು ನೋಡಿದರೆ, ಏಪ್ರಿಲ್ ಮೊದಲ ವಾರದಲ್ಲಿ ಒಂದು ದಿನ ಸುಮಾರು ಮುಕ್ಕಾಲು ಪಾಲು ವಹಿವಾಟುಗಳು ವಿಫಲವಾದವು. ಅವುಗಳಲ್ಲಿ ಹೆಚ್ಚಿನವು ಬಾಟ್‌ಗಳದ್ದೇ. ಜೊತೆಗೆ ಸಾಮಾನ್ಯ ಜನರ ಎಷ್ಟೋ ವಹಿವಾಟುಗಳು ಬಾಗಿಲನ್ನೇ ಮುಟ್ಟಲಿಲ್ಲ. ಎಂಜಿನಿಯರ್‌ಗಳು ಅದೇ ತಿಂಗಳು ತಂದ ತಿದ್ದುಪಡಿಗಳಲ್ಲಿ ಒಂದು ಇದು: ತೀರಾ ಸಣ್ಣ ಸ್ಟೇಕ್ ಇರುವ ಕಂಪ್ಯೂಟರ್‌ಗಳನ್ನು ಸ್ಟೇಕ್ ಇಲ್ಲದವರೆಂದೇ ಪರಿಗಣಿಸಿ. ಚಿಲ್ಲರೆ ಸ್ಟೇಕ್ ಇಟ್ಟು ದೊಡ್ಡ ಸಾಲಿಗೆ ನುಸುಳುವ ದಾರಿಯನ್ನು ಹೀಗೆ ಮುಚ್ಚಲಾಯಿತು. ಸಣ್ಣ ಮೊತ್ತ ಹಾಕಿ ದೊಡ್ಡವರನ್ನು ಹಿಂದೆ ಹಾಕಿ ಎಂಬ ಫಾರ್ವರ್ಡ್‌ನ ಮಾತಿಗೆ ಇದು ನೇರ ವಿರುದ್ಧ.

ಔರಾದ್‌ನಲ್ಲಿರುವ ನಮ್ಮ ಅಕ್ಕನ ಮಗ ಇದನ್ನು ಕೇಳಿ, "ಹಂಗಾದ್ರ ಮಾಮಾ, ನಾನೇ ವ್ಯಾಲಿಡೇಟರ್ ಆಗ್ತೀನಿ, ಲ್ಯಾಪ್‌ಟಾಪ್ ಅದ" ಎಂದ. ಡಿಪ್ಲೊಮಾ ಓದುವ ಹುಡುಗ, ಪ್ರಶ್ನೆ ಒಳ್ಳೆಯದೇ. ಸೊಲಾನಾ ವ್ಯಾಲಿಡೇಟರ್‌ಗೆ ಕನಿಷ್ಠ 256 ಜಿಬಿ ರ್‍ಯಾಮ್ ಇರುವ ಸರ್ವರ್ ಬೇಕು, ಅದರಂಥ ವೇಗದ ಇಂಟರ್‌ನೆಟ್ ಬೇಕು, ಕರೆಂಟ್ ಒಂದು ಗಳಿಗೆಯೂ ಹೋಗಬಾರದು. ಪುಟಗಳಿಗೆ ಮತ ಹಾಕುವ ಶುಲ್ಕವೇ ಬಹುಕಾಲ ದಿನಕ್ಕೆ ಸುಮಾರು ಒಂದು ಸೋಲ್‌ನಷ್ಟು ತಗಲುತ್ತಿತ್ತು. "ಕರೆಂಟ್ ಹೋಗಬಾರ್ದು" ಎಂಬಲ್ಲಿಗೆ ಅವನು ನಕ್ಕು ಸುಮ್ಮನಾದ.

ಮೊದಲು ತಲುಪುವುದು ಬೇರೆ, ಲಾಭ ಬೇರೆ

ಫಾರ್ವರ್ಡ್‌ನ ಎರಡನೇ ಜಿಗಿತ ಇನ್ನೂ ದೊಡ್ಡದು. ಬೇಗ ತಲುಪಿದರೆ ಲಾಭ ಖಚಿತ ಎನ್ನುತ್ತದೆ. ಸ್ಟೇಕ್‌ನ ತೂಕ ನಿಮ್ಮ ವಹಿವಾಟನ್ನು ಬಾಗಿಲವರೆಗೆ ಮಾತ್ರ ತಲುಪಿಸುತ್ತದೆ. ಒಳಗೆ ಹೋದ ಮೇಲೆ ಯಾರದ್ದನ್ನು ಮೊದಲು ಬರೆಯಬೇಕು ಎಂದು ತೀರ್ಮಾನಿಸುವುದು ಹೆಚ್ಚುಮಟ್ಟಿಗೆ ಆದ್ಯತಾ ಶುಲ್ಕ, ಅಂದರೆ ಆ 5 ಪೈಸೆಯ ಮೇಲೆ ನೀವಾಗಿ ಕೊಡುವ ಹೆಚ್ಚುವರಿ ಹಣ. ಬರೆದ ಮೇಲೂ ವಹಿವಾಟು ವಿಫಲವಾಗಬಹುದು, ಉದಾಹರಣೆಗೆ ಅಷ್ಟರಲ್ಲಿ ಬೆಲೆ ಬದಲಾಗಿದ್ದರೆ. ಎಲ್ಲ ಸರಿಯಾಗಿ ನಡೆದು ನೀವು ಟೋಕನ್ ಕೊಂಡಿರಿ ಎನ್ನಿ, ಅದರ ಬೆಲೆ ಮರುದಿನ ಅರ್ಧಕ್ಕೆ ಇಳಿಯಬಹುದು. ನಿಮ್ಮ ಕಬ್ಬು ಮೊದಲು ಗೇಟಿಗೆ ಬಂತೆಂದ ಮಾತ್ರಕ್ಕೆ ಸಕ್ಕರೆಯ ದರ ಏರುವುದಿಲ್ಲವಲ್ಲ.

'ಸ್ಟೇಕ್' ಎಂಬ ಪದ ಕೂಡ ಎಲ್ಲ ಕಡೆ ಒಂದೇ ಅರ್ಥ ಕೊಡುವುದಿಲ್ಲ. ಬಿಟ್‌ಕಾಯಿನ್‌ನಲ್ಲಿ ಸ್ಟೇಕ್ ಎಂಬುದೇ ಇಲ್ಲ, ಅಲ್ಲಿ ಆದ್ಯತೆ ಸಿಗುವುದು ಶುಲ್ಕಕ್ಕೆ. ಇಥೀರಿಯಂ 2022ರ ಸೆಪ್ಟೆಂಬರ್ 15ರಂದು ಸ್ಟೇಕ್ ಪದ್ಧತಿಗೆ ಬಂತು. ಆದರೆ ಅಲ್ಲಿಯೂ ವಹಿವಾಟಿನ ಮುಂಗಡ ಜಾಗಕ್ಕೆ ಶುಲ್ಕವೇ ದಾರಿ. ಬ್ಲಾಕ್‌ಚೈನ್‌ನಲ್ಲಿ ಸ್ಟೇಕ್ ಮಾಡಿದರೆ ಆದ್ಯತೆ ಎಂದು ಸಾರಾಸಗಟಾಗಿ ಹೇಳುವವರಿಗೆ ಯಾವ ಬ್ಲಾಕ್‌ಚೈನ್ ಎಂದು ಕೇಳಿ ನೋಡಿ.

ನಿಜವಾದ ಸ್ಟೇಕಿಂಗ್‌ನಲ್ಲಿ ಆದಾಯ ಇಲ್ಲವೆಂದಲ್ಲ, ಇದೆ. ಸೊಲಾನಾದಲ್ಲಿ ಅದು ಮುಖ್ಯವಾಗಿ ಬರುವುದು ಹೊಸ ಟೋಕನ್‌ಗಳ ಮುದ್ರಣದಿಂದ. ವರ್ಷಕ್ಕೆ ಶೇ 8ರ ಹಣದುಬ್ಬರದಿಂದ ಆರಂಭಿಸಿ, ಪ್ರತಿ ವರ್ಷ ಆ ದರವನ್ನು ಶೇ 15ರಷ್ಟು ತಗ್ಗಿಸುತ್ತ, ಕೊನೆಗೆ ಶೇ 1.5ಕ್ಕೆ ನಿಲ್ಲಿಸುವುದು ಯೋಜನೆ. ಸ್ಟೇಕ್ ಮಾಡಿದವರಿಗೆ ಈಚಿನ ವರ್ಷಗಳಲ್ಲಿ ಸಿಕ್ಕಿದ್ದು ವರ್ಷಕ್ಕೆ ಸುಮಾರು ಶೇ 6ರಿಂದ 7, ಅದೂ ರೂಪಾಯಿಯಲ್ಲಲ್ಲ, ಟೋಕನ್‌ನಲ್ಲಿ. ಆ ಟೋಕನ್‌ನ ಬೆಲೆಯ ಕಥೆ ಹೀಗಿದೆ: 2021ರ ನವೆಂಬರ್‌ನಲ್ಲಿ ಒಂದು ಸೋಲ್‌ಗೆ ಸುಮಾರು 260 ಡಾಲರ್, 2022ರ ಡಿಸೆಂಬರ್ ಕೊನೆಗೆ 10 ಡಾಲರ್‌ಗಿಂತ ಕಡಿಮೆ. ಶೇ 7 ಬಡ್ಡಿ ಸಿಕ್ಕರೂ ಅಂದು ಕೈಗೆ ಬಂದದ್ದೇನು ಎಂದು ಲೆಕ್ಕ ಹಾಕಿ.

ಈಗ ಫಾರ್ವರ್ಡ್‌ನ 'ದಿನಕ್ಕೆ ಶೇ 2' ನೋಡೋಣ. ಫೋನಿನ ಕ್ಯಾಲ್ಕುಲೇಟರ್ ಸಾಕು. ದಿನದ ಲಾಭವನ್ನು ಮತ್ತೆ ಅದರಲ್ಲೇ ಹಾಕುತ್ತ ಹೋದರೆ 10,000 ರೂಪಾಯಿ ಒಂದು ವರ್ಷದಲ್ಲಿ ಸುಮಾರು 1 ಕೋಟಿ 37 ಲಕ್ಷ ಆಗುತ್ತದೆ. ಇಂಥ ದಾರಿ ಗೊತ್ತಿದ್ದವರು ಅದನ್ನು ಭಾಲ್ಕಿಯ ಸೋಯಾ ಬೆಳೆಗಾರರ ಗುಂಪಿಗೆ ಪುಕ್ಕಟೆಯಾಗಿ ಕಳಿಸುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ.

ಇದು ಸ್ಟೇಕಿಂಗೇ ಅಲ್ಲ ಎಂದು ತಿಳಿಯುವುದು ಹೇಗೆ

ಕಾಕಾ ಕಳಿಸಿದ ಲಿಂಕ್ ತೆರೆದು, ಏನನ್ನೂ ತುಂಬದೆ ನೋಡಿದೆ. ಅದರಲ್ಲಿ ವ್ಯಾಲಿಡೇಟರ್ ಆರಿಸುವ ಜಾಗವೇ ಇರಲಿಲ್ಲ. ಒಂದು ಕ್ಯೂಆರ್ ಕೋಡ್ ಇತ್ತು, ಯುಪಿಐ ಮೂಲಕ ಯಾವುದೋ ವ್ಯಕ್ತಿಯ ಖಾತೆಗೆ ಹಣ ಹಾಕಿ ಸ್ಕ್ರೀನ್‌ಶಾಟ್ ಕಳಿಸಿ ಎಂಬ ಸೂಚನೆ ಇತ್ತು. ಅಲ್ಲಿಗೆ ಪ್ರಶ್ನೆ ಮುಗಿಯಿತು.

ಸೊಲಾನಾದಲ್ಲಿ ನೇರವಾಗಿ ಸ್ಟೇಕ್ ಮಾಡಿದಾಗ ಟೋಕನ್ ನಿಮ್ಮ ಹಿಡಿತದ ಖಾತೆಯಲ್ಲೇ ಇರುತ್ತದೆ. ತೂಕ ಮಾತ್ರ ವ್ಯಾಲಿಡೇಟರ್‌ಗೆ ಸೇರುತ್ತದೆ, ಅವನು ನಿಮ್ಮ ಟೋಕನ್ ತೆಗೆದುಕೊಂಡು ಹೋಗಲಾರ. ಬಿಡಿಸಿಕೊಳ್ಳಬೇಕೆಂದರೆ ಒಂದು ಅವಧಿ ಮುಗಿಯುವವರೆಗೆ, ಸಾಮಾನ್ಯವಾಗಿ ಎರಡು ದಿನದೊಳಗೆ, ಕಾಯಬೇಕು. ಯಾರದ್ದೋ ಅನುಮತಿ ಬೇಕಿಲ್ಲ. ಬಿಡಿಸಿಕೊಳ್ಳಲು ಮೊದಲು ತೆರಿಗೆ ಕಟ್ಟಿ, ಖಾತೆ ಅನ್‌ಲಾಕ್ ಮಾಡಲು ಇನ್ನೂ ಐದು ಸಾವಿರ ಹಾಕಿ, ಹತ್ತು ಜನರನ್ನು ಸೇರಿಸಿ ಎಂಬ ಮಾತು ಬಂದರೆ ಅಲ್ಲಿ ಬ್ಲಾಕ್‌ಚೈನೂ ಇಲ್ಲ, ಸ್ಟೇಕೂ ಇಲ್ಲ. ವ್ಯಾಲೆಟ್‌ನ 12 ಅಥವಾ 24 ಪದಗಳ ಗುಪ್ತ ಸಾಲನ್ನು ಕೇಳಿದರೂ ಅಷ್ಟೇ. ಅದನ್ನು ಕೊಟ್ಟರೆ ತಿಜೋರಿಯ ಕೀಲಿ ಕೊಟ್ಟಂತೆ.

ಇನ್ನು ನಮ್ಮ ದೇಶದ ನಿಯಮ. ಕ್ರಿಪ್ಟೊ ಲಾಭದ ಮೇಲೆ 2022ರ ಏಪ್ರಿಲ್ 1ರಿಂದ ಶೇ 30ರಷ್ಟು ತೆರಿಗೆ ಇದೆ. ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಸಾಮಾನ್ಯವಾಗಿ ಶೇ 1ರಷ್ಟು ಟಿಡಿಎಸ್ ಕಡಿತವಾಗುತ್ತದೆ. ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ತೆರಿಗೆ ಇದೆ ಎಂದರೆ ಸರ್ಕಾರ ಇದಕ್ಕೆ ಗ್ಯಾರಂಟಿ ಕೊಟ್ಟಿದೆ ಎಂದು ಕೆಲವು ಫಾರ್ವರ್ಡ್‌ಗಳು ವಾದಿಸುತ್ತವೆ. ಅದು ತಪ್ಪು. ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಟೋಕನ್‌ಗೆ ಅಂಥದ್ದು ಇಲ್ಲ. ವಿದೇಶಿ ಕಂಪನಿಗಳೂ ಸೇರಿ, ಭಾರತದ ಗ್ರಾಹಕರಿಗೆ ಸೇವೆ ಕೊಡುವ ಕ್ರಿಪ್ಟೊ ಕಂಪನಿಗಳು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಬೇಕು. ಟೆಲಿಗ್ರಾಮ್ ಗುಂಪಿನವರು ಆ ನೋಂದಣಿ ತೋರಿಸುವುದಿಲ್ಲ.

ಈಗಾಗಲೇ ಹಣ ಹಾಕಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. 1930ಕ್ಕೆ ಕೂಡಲೇ ಕರೆ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಯುಪಿಐ ಮೂಲಕ ಹೋದ ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ವಹಿವಾಟಿನ ಸಂಖ್ಯೆ, ಸ್ಕ್ರೀನ್‌ಶಾಟ್, ಆ ಗುಂಪಿನ ಸಂದೇಶಗಳು ಯಾವುದನ್ನೂ ಅಳಿಸಬೇಡಿ. ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಯಲ್ಲಿ ಅವು ಬೇಕಾಗುತ್ತವೆ.

ಕಾಕಾನ ರೊಕ್ಕ ಸದ್ಯ ಖಾತೆಯಲ್ಲೇ ಇದೆ. ಅದರಲ್ಲಿ ಅರ್ಧ ಸೊಸೈಟಿಯ ಸಾಲಕ್ಕೆ, ಉಳಿದದ್ದು ಕಡಲೆ ಬೀಜಕ್ಕೆ ಎಂದಿದ್ದಾರೆ. ಇದನ್ನೆಲ್ಲ ಬರೆದು ಗುಂಪಿಗೆ ಹಾಕುತ್ತೇನೆ ಎಂದಾಗ ಅವರು ಬೇಡವೆಂದರು. "ಇಷ್ಟ್ ಉದ್ದ ಯಾರ್ ಓದ್ತಾರ ತಮ್ಮಾ? ಆ ಲಾರಿ ಮಾಲಕಂದು ಹೇಳಿದ್ದಿ ನೋಡು, ಅಷ್ಟೇ ವಾಯ್ಸ್ ಮೆಸೇಜ್ ಮಾಡಿ ಕಳಸು. ನಮ್ ಮಾತಿನಾಗ ಮಾಡು." ಒಂದು ನಿಮಿಷ ನಲವತ್ತು ಸೆಕೆಂಡಿನ ವಾಯ್ಸ್ ಮೆಸೇಜ್ ಕಳಿಸಿದ್ದೇನೆ. ನಿನ್ನೆ ಅದು ಬೀದರ್‌ನ ಇನ್ನೊಂದು ಗುಂಪಿನಿಂದ 'ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ' ಎಂಬ ಗುರುತಿನೊಂದಿಗೆ ನನಗೇ ವಾಪಸ್ ಬಂತು.